ನುಡಿ, ಬರಹ, ಪೇಜ್‌ಮೇಕರ್ ಕಾಲದ ಕನ್ನಡ ಕಡತಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆಯುವುದು: ಸಮಗ್ರ ಮಾರ್ಗದರ್ಶಿ

ನುಡಿ, ಬರಹದಂಥ ಕನ್ನಡ ಬರವಣಿಗೆಯ ತಂತ್ರಾಂಶಗಳಲ್ಲೋ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲೋ ಮಾಡಿದ ಹಳೆಯ ಕನ್ನಡ ಕಡತ ಹೊಸ ಕಂಪ್ಯೂಟರಿನಲ್ಲಿ ಓದಲಾಗುತ್ತಿಲ್ಲ ಎಂದು ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಆಗಲೇ ಏನೋ ಒಂದನ್ನು ಮಾಡಿಬಿಟ್ಟಿರುತ್ತಾರೆ. ತೆರೆದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಗಾಬರಿಯಿಂದ ಪೂರ್ತಿ ಪಠ್ಯವನ್ನು ಆಯ್ದು ವಿಂಡೋಸಿನ ಕನ್ನಡ ಫಾಂಟ್ ತುಂಗಾ ಹಾಕುತ್ತಾರೆ, ಸರಿಹೋಗುವುದಿಲ್ಲ. ಬೇರೆ ಹೆಸರಿನಲ್ಲಿ, ಬೇರೆ ರೂಪದಲ್ಲಿ ಉಳಿಸಿ ನೋಡುತ್ತಾರೆ. ಕೊನೆಗೆ ಮುಚ್ಚುವಾಗ ಬದಲಾವಣೆಗಳನ್ನು ಉಳಿಸಬೇಕೆ ಎಂಬ ಪ್ರಶ್ನೆಗೆ ಹೌದು ಎನ್ನುತ್ತಾರೆ. ಕಡತ ಅಲ್ಲಿಯವರೆಗೆ ಕೆಟ್ಟಿರಲಿಲ್ಲ. ಅದನ್ನು ಕೆಡಿಸಿದ್ದು ಆ ಕಡೆಯ ಹೌದು.

ಆದ್ದರಿಂದ ಇಲ್ಲಿ ಹೇಳಿರುವ ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಮೊದಲು ನಕಲು, ಆಮೇಲೆ ಗುರುತಿಸುವುದು, ಆಮೇಲೆ ಫಾಂಟ್, ಆಮೇಲೆ ತಂತ್ರಾಂಶ, ಎಲ್ಲದರ ಕೊನೆಗೆ ಯೂನಿಕೋಡ್ ಪರಿವರ್ತನೆ, ಅಂದರೆ ಇಂದಿನ ಕಂಪ್ಯೂಟರುಗಳು ಕನ್ನಡವೆಂದೇ ಓದುವ ಸಂಕೇತಕ್ಕೆ ಪಠ್ಯವನ್ನು ಬದಲಿಸುವುದು. ಪರಿವರ್ತನೆಯಿಂದಲೇ ಆರಂಭಿಸುವವರು ಎರಡು ಬಾರಿ ಕೆಲಸ ಮಾಡಬೇಕಾಗುತ್ತದೆ.

ಬೇಕಾಗುವ ಸಾಮಗ್ರಿ

ಹಳೆಯ ಕಂಪ್ಯೂಟರ್ ಇನ್ನೂ ಚಾಲೂ ಆಗುತ್ತಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಮೂರು ವಸ್ತುಗಳನ್ನು ತೆಗೆದುಕೊಳ್ಳಿ: ಕಡತಗಳು, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರ್ ಪೂರ್ತಿಯಾಗಿ, ಮತ್ತು ತಂತ್ರಾಂಶದ ಅನುಸ್ಥಾಪನಾ ಸಿಡಿ ಅಥವಾ ಅದರ ನಕಲು. ಜನ ಕಡತಗಳನ್ನು ಮಾತ್ರ ತರುತ್ತಾರೆ, ಫಾಂಟ್ ಮರೆಯುತ್ತಾರೆ. ಫಾಂಟ್ ಇಲ್ಲದ ಹಳೆಯ ಕನ್ನಡ ಕಡತವೆಂದರೆ ಬೀಗದ ಕೈ ಇಲ್ಲದ ಪೆಟ್ಟಿಗೆ.

ಜೊತೆಗೆ ಖಾಲಿ ಪೆನ್‌ಡ್ರೈವ್, ವರ್ಡ್‌ನಂಥ ಕೆಲಸಕ್ಕೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್, ಅಗತ್ಯ ಬಿದ್ದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಓಡಿಸುವ ವರ್ಚುವಲ್‌ಬಾಕ್ಸ್ ಇರಲಿ. ಹಾರ್ಡ್ ಡಿಸ್ಕ್ ಹಳೆಯ ಐಡಿಇ ಮಾದರಿಯದಾಗಿದ್ದರೆ ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಬೇಕು. ಪ್ರಕಾಶನದ ಕೆಲವು ತಂತ್ರಾಂಶಗಳು ಡಾಂಗಲ್ ಎಂಬ ಸಣ್ಣ ಬೀಗದ ಸಾಧನವಿಲ್ಲದೆ ತೆರೆಯುವುದೇ ಇಲ್ಲ. ಹಳೆಯ ಕಂಪ್ಯೂಟರಿನ ಹಿಂಬದಿಯಲ್ಲಿ ಅಂಥದ್ದೇನಾದರೂ ಸಿಕ್ಕಿಸಿದೆಯೇ ನೋಡಿ, ಇದ್ದರೆ ಜೋಪಾನ ಮಾಡಿ.

ಆ ಕಡತದ ಮುದ್ರಿತ ಪ್ರತಿ ಎಲ್ಲಾದರೂ ಇದ್ದರೆ, ಅದು ಹರಿದ ಕರಡಚ್ಚೇ ಆಗಿರಲಿ, ಹುಡುಕಿ ಇಟ್ಟುಕೊಳ್ಳಿ. ಕೊನೆಯ ಹಂತದಲ್ಲಿ ಅದರಷ್ಟು ಬೆಲೆಯುಳ್ಳ ವಸ್ತು ಇನ್ನೊಂದಿಲ್ಲ.

ಹಂತ 1: ನಕಲು ಮಾಡಿ, ಮೂಲವನ್ನು ಮುಟ್ಟಬೇಡಿ

ಫ್ಲಾಪಿಯಾಗಿದ್ದರೆ ಮೂಲೆಯ ಸಣ್ಣ ಕಿಂಡಿ ತೆರೆದುಕೊಳ್ಳುವಂತೆ ಗುಂಡಿಯನ್ನು ಸರಿಸಿ. ಮೂರೂವರೆ ಇಂಚಿನ ಫ್ಲಾಪಿಯಲ್ಲಿ ಕಿಂಡಿ ತೆರೆದಿದ್ದರೆ ಅದರ ಮೇಲೆ ಬರೆಯಲಾಗದು ಎಂದರ್ಥ. ಸಿಡಿ ಆಗಿದ್ದರೆ ಅದರಿಂದಲೇ ಕಡತ ತೆರೆಯಬೇಡಿ. ಇಡೀ ಸಿಡಿಯನ್ನು ಹಾರ್ಡ್ ಡಿಸ್ಕಿಗೆ ನಕಲಿಸಿ.

ಹೊಸ ಕಂಪ್ಯೂಟರಿನಲ್ಲಿ "ಮೂಲ" ಮತ್ತು "ಕೆಲಸ" ಎಂಬ ಎರಡು ಫೋಲ್ಡರ್ ಮಾಡಿ. "ಮೂಲ" ಫೋಲ್ಡರಿನ ಕಡತಗಳನ್ನೆಲ್ಲ ಆಯ್ದು, ಪ್ರಾಪರ್ಟೀಸ್‌ನಲ್ಲಿ ರೀಡ್ ಓನ್ಲಿ ಗುರುತು ಹಾಕಿ. ಇನ್ನು ಮುಂದಿನದೆಲ್ಲ "ಕೆಲಸ" ಫೋಲ್ಡರಿನಲ್ಲಿ.

ಅಪಾಯದ ಸೂಚನೆ: ನಕಲಿಸುವಾಗ ಡಿಸ್ಕ್ ಟಕ್ ಟಕ್ ಸದ್ದು ಮಾಡಿದರೆ, ಒಂದೇ ಕಡತದಲ್ಲಿ ನಿಮಿಷಗಟ್ಟಲೆ ನಿಂತರೆ, ಮತ್ತೆ ಮತ್ತೆ ಪ್ರಯತ್ನಿಸಬೇಡಿ. ಪ್ರತಿ ಪ್ರಯತ್ನವೂ ಅದನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಮೊದಲು ಅತಿ ಮುಖ್ಯವಾದ ಕಡತಗಳನ್ನು ತೆಗೆದುಕೊಂಡು ವಿದ್ಯುತ್ ಕಳಚಿ.

ಹಂತ 2: ಅಕ್ಷರ ಜೀವಂತವಿದೆಯೇ ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಎಲ್ಲರೂ ಹಾರಿಸುವ ಹಂತವೂ ಇದೇ.

ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ಚೂರುಗಳನ್ನು ಚಿತ್ರಿಸಿಟ್ಟಿದ್ದವು. ಕಂಪ್ಯೂಟರಿನ ಲೆಕ್ಕದಲ್ಲಿ ನೀವು ಟೈಪ್ ಮಾಡಿದ್ದು ಕನ್ನಡವೇ ಅಲ್ಲ. ನುಡಿ ಫಾಂಟಿನಲ್ಲಿ ಬರೆದ "ಕನ್ನಡ" ಎಂಬ ಪದ ಒಳಗೆ ಉಳಿದಿರುವುದು ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯು, ಮತ್ತೆ ಗೀಟಿನ ಎ ಎಂಬ ಸಾಲಾಗಿ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈ ಗೊಂದಲ.

ಹೀಗಾಗಿ ತೆರೆಯ ಮೇಲೆ ಕಾಣುವ ಗೊಂದಲದಲ್ಲಿ ಮೂರು ಬಗೆಯಿದೆ.

ಗೀಟು, ಚುಕ್ಕೆ, ಟೋಪಿ ಹೊತ್ತ ಯುರೋಪಿನ ಅಕ್ಷರಗಳು ಕಾಣುತ್ತಿದ್ದರೆ ಸಂತೋಷಪಡಿ. ಪಠ್ಯ ಪೂರ್ತಿ ಜೀವಂತವಿದೆ. ಕೊರತೆಯಿರುವುದು ಫಾಂಟಿನದು ಮಾತ್ರ.

ಗೀಟಿನ ಎ ಇದ್ದೇ ಇದೆ, ಆದರೆ ಒಂದು ಚಿಹ್ನೆ ಇರಬೇಕಾದಲ್ಲಿ ಎರಡೆರಡು ಚಿಹ್ನೆಗಳಿದ್ದು ಪದಗಳು ಉದ್ದವಾಗಿವೆ, ಫಾಂಟ್ ಹಾಕಿದರೂ ನಡುನಡುವೆ ಬೇಡದ ಚೂರುಗಳು ಬರುತ್ತಿವೆ ಎಂದಾದರೆ, ಯಾರೋ ಆ ಕಡತವನ್ನು ಯೂನಿಕೋಡಿನ ಒಂದು ರೂಪವಾದ ಯುಟಿಎಫ್-8 ಸಂಕೇತದಲ್ಲಿ ಉಳಿಸಿದ್ದಾರೆ, ಅದನ್ನು ಹಳೆಯ ಫಾಂಟ್‌ಗಳ ಕಾಲದ ಆನ್ಸಿ ಸಂಕೇತ ಎಂದು ತೆರೆಯಲಾಗಿದೆ. ಇದು ಸಾಮಾನ್ಯವಾಗಿ ಸರಿಪಡಿಸಬಹುದಾದ ದೋಷ. ನೋಟ್‌ಪ್ಯಾಡಿನ ಓಪನ್ ಸಂವಾದದಲ್ಲಿ ಎನ್‌ಕೋಡಿಂಗ್ ಬದಲಿಸಿ ತೆರೆದು ನೋಡಿ.

ಬರೀ ಪ್ರಶ್ನಾರ್ಥಕ ಚಿಹ್ನೆಗಳು, ಇಲ್ಲವೇ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಅಲ್ಲೇ ಕೈ ನಿಲ್ಲಿಸಿ. ಉಳಿಸದೆ ಮುಚ್ಚಿ. ತೆರೆದ ತಂತ್ರಾಂಶ ತಪ್ಪು ಸಂಕೇತದಲ್ಲಿ ಓದಿದ್ದರೆ ಮೂಲ ಇನ್ನೂ ಕ್ಷೇಮವಾಗಿರುತ್ತದೆ. ಆದರೆ ಆ ಸ್ಥಿತಿಯಲ್ಲಿ ಒಮ್ಮೆ ಉಳಿಸಿದರೆ ಮೂಲದ ಅಕ್ಷರಗಳ ಜಾಗದಲ್ಲಿ ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆಗಳೇ ಕೂರುತ್ತವೆ. ಯಾವ ಪರಿವರ್ತಕವೂ ಅವನ್ನು ಹಿಂದಕ್ಕೆ ತರಲಾರದು. ನಿವೃತ್ತ ಶಿಕ್ಷಕರೊಬ್ಬರು ತಮ್ಮ ಊರಿನ ಚರಿತ್ರೆಯನ್ನು ಮುನ್ನೂರು ಪುಟಗಳಷ್ಟು ಬರೆದಿದ್ದರು. ಮನೆಯವರು ಅದನ್ನು ಮೊಬೈಲಿನಲ್ಲಿ ತೆರೆದು, ಸರಳ ಪಠ್ಯವಾಗಿ ಉಳಿಸಿ, ಮೂಲವನ್ನು ಅಳಿಸಿದ್ದರು. ನನ್ನ ಕೈಗೆ ಬಂದದ್ದು ಮುನ್ನೂರು ಪುಟಗಳ ಪ್ರಶ್ನಾರ್ಥಕ ಚಿಹ್ನೆ. ಅದೃಷ್ಟಕ್ಕೆ ಬೀರುವಿನಲ್ಲಿ ಒಂದು ಸಿಡಿ ಇತ್ತು.

ಹಂತ 3: ಫಾಂಟಿನ ಹೆಸರು ಬರೆದುಕೊಳ್ಳಿ

ವರ್ಡ್‌ನಲ್ಲಿ ಗೊಂದಲದ ಸಾಲಿನ ಮೇಲೆ ಕ್ಲಿಕ್ ಮಾಡಿ ಫಾಂಟ್ ಪಟ್ಟಿಯ ಕಿಟಕಿಯನ್ನು ನೋಡಿ. ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಹೆಸರು ಅಲ್ಲಿ ಇರುತ್ತದೆ. ಲಿಬ್ರೆಆಫೀಸಿನಲ್ಲಿ ಇಲ್ಲದ ಫಾಂಟಿನ ಹೆಸರು ಓರೆ ಅಕ್ಷರಗಳಲ್ಲಿ ಕಾಣುತ್ತದೆ. ವರ್ಡ್‌ನ ಆಪ್ಷನ್ಸ್, ಅಡ್ವಾನ್ಸ್‌ಡ್ ಭಾಗದಲ್ಲಿ ಫಾಂಟ್ ಸಬ್‌ಸ್ಟಿಟ್ಯೂಷನ್ ಎಂಬ ಗುಂಡಿಯಿದೆ. ಕಾಣೆಯಾದ ಎಲ್ಲ ಫಾಂಟ್‌ಗಳ ಪಟ್ಟಿ ಅಲ್ಲಿ ಒಟ್ಟಿಗೆ ಸಿಗುತ್ತದೆ.

ನುಡಿ ಎಂದು ಆರಂಭವಾದರೆ ಅದು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಫಾಂಟ್. ಬಿಆರ್‌ಎಚ್ ಎಂದಿದ್ದರೆ ಬರಹ. ಇವೆರಡರ ಆನ್ಸಿ ಫಾಂಟ್‌ಗಳ ಒಳಸಂಕೇತ ಬಹುತೇಕ ಒಂದೇ ಆಗಿರುವುದರಿಂದ ಒಂದಿಲ್ಲದಿದ್ದರೆ ಇನ್ನೊಂದನ್ನು ಹಾಕಿ ಓದಬಹುದು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂಬ ಇತರ ತಂತ್ರಾಂಶಗಳ ಫಾಂಟ್‌ಗಳ ದಾರಿಯೇ ಬೇರೆ. ಶ್ರೀಲಿಪಿಯಲ್ಲಿ ಬರೆದುದಕ್ಕೆ ನುಡಿ ಫಾಂಟ್ ಹಾಕಿದರೆ ಕನ್ನಡ ಅಕ್ಷರಗಳೇ ಕಾಣುತ್ತವೆ, ಆದರೆ ಅರ್ಥವಿರುವುದಿಲ್ಲ. ಈ ಸುಳ್ಳು ಕನ್ನಡವನ್ನು ನೋಡಿ ಕಡತ ಹಾಳಾಗಿದೆ ಎಂದು ಕೈಬಿಟ್ಟವರಿದ್ದಾರೆ.

ಸಾಮಾನ್ಯ ತಪ್ಪು: ಎಲ್ಲವನ್ನೂ ಆಯ್ದು ಒಂದೇ ಫಾಂಟ್ ಹಾಕುವುದು. ಪಠ್ಯದ ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳಿಗೂ ಕನ್ನಡದ ಒಳಸಂಕೇತಕ್ಕೂ ಇದ್ದ ಒಂದೇ ಒಂದು ವ್ಯತ್ಯಾಸವೆಂದರೆ ಫಾಂಟಿನ ಹೆಸರು. ಅದನ್ನು ಅಳಿಸಿದರೆ ಯಾವುದು ಇಂಗ್ಲಿಷ್, ಯಾವುದು ಕನ್ನಡ ಎಂದು ಹೇಳುವ ಗುರುತೇ ಹೋಯಿತು.

ಹಂತ 4: ಫಾಂಟ್ ಹಾಕಿ, ವಿಂಡೋಸ್ ಭಾಷೆಯನ್ನು ಪರೀಕ್ಷಿಸಿ

ಹಳೆಯ ಕಂಪ್ಯೂಟರಿನಿಂದ ತಂದ, ಹೆಸರು ಟಿಟಿಎಫ್ ಎಂದು ಮುಗಿಯುವ ಫಾಂಟ್ ಕಡತದ ಮೇಲೆ ಬಲ ಗುಂಡಿ ಒತ್ತಿದಾಗ ಎರಡು ಆಯ್ಕೆಗಳು ಕಾಣುತ್ತವೆ. ಬರೀ ಇನ್‌ಸ್ಟಾಲ್ ಎಂಬುದನ್ನು ಒತ್ತಬೇಡಿ. ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಎಂಬುದನ್ನೇ ಒತ್ತಿ. ಮೊದಲನೆಯದು ಫಾಂಟನ್ನು ನಿಮ್ಮ ಖಾತೆಯ ಒಳಗೆ ಎಲ್ಲೋ ಇಡುತ್ತದೆ. ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶಗಳು ಅಲ್ಲಿ ಹುಡುಕುವುದಿಲ್ಲ. ವರ್ಡ್‌ನಲ್ಲಿ ಕಾಣುವ ಫಾಂಟ್ ಪೇಜ್‌ಮೇಕರಿನಲ್ಲಿ ಕಾಣದಿರಲು ಬಹುಪಾಲು ಕಾರಣ ಇದೇ.

ಫಾಂಟ್ ಟೈಪ್ 1 ಬಗೆಯದಾಗಿದ್ದು ಪಿಎಫ್‌ಬಿ, ಪಿಎಫ್‌ಎಂ ಎಂಬ ಜೋಡಿ ಕಡತಗಳಾಗಿದ್ದರೆ ಹೊಸ ಆಫೀಸ್ ಅದನ್ನು ಒಪ್ಪುವುದಿಲ್ಲ. ಅಡೋಬಿಯೂ 2023ರ ಜನವರಿಯಿಂದ ಅದರ ಬೆಂಬಲ ನಿಲ್ಲಿಸಿದೆ. ಅಂಥ ಕಡತಗಳಿಗೆ ಆರನೆಯ ಹಂತವೇ ಗತಿ.

ಫಾಂಟ್ ಸರಿಯಾಗಿ ಹಾಕಿದ ಮೇಲೂ ಹಳೆಯ ತಂತ್ರಾಂಶದಲ್ಲಿ ಅಕ್ಷರಗಳು ಒಡೆದು ಕಂಡರೆ ಸೆಟ್ಟಿಂಗ್ಸ್ ತೆರೆದು ಭಾಷೆ ಮತ್ತು ಪ್ರದೇಶದ ಭಾಗಕ್ಕೆ ಹೋಗಿ, ಅಡ್ಮಿನಿಸ್ಟ್ರೇಟಿವ್ ಲ್ಯಾಂಗ್ವೇಜ್ ಸೆಟ್ಟಿಂಗ್ಸ್‌ನಲ್ಲಿ ಚೇಂಜ್ ಸಿಸ್ಟಮ್ ಲೊಕೇಲ್ ಒತ್ತಿ. ಅಲ್ಲಿ ಇಂಗ್ಲಿಷ್ ಇರಬೇಕು, ಭಾರತದ್ದಾದರೂ ಸರಿ, ಅಮೆರಿಕದ್ದಾದರೂ ಸರಿ. ಅದೇ ಕಿಟಕಿಯ ಕೆಳಗೆ ಬೀಟಾ ಎಂದು ಆರಂಭವಾಗುವ ಯುಟಿಎಫ್-8 ಆಯ್ಕೆಯಿದೆ. ಅದಕ್ಕೆ ಗುರುತು ಬಿದ್ದಿದ್ದರೆ ತೆಗೆಯಿರಿ. ಹಳೆಯ ಫಾಂಟ್‌ಗಳೆಲ್ಲ 1252 ಎಂಬ ಪಾಶ್ಚಾತ್ಯ ಸಂಕೇತಪುಟವನ್ನು (ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು) ನಂಬಿ ಮಾಡಿದವು. ಯುಟಿಎಫ್-8 ಗುರುತು ಆ ನಂಬಿಕೆಯ ಬುಡವನ್ನೇ ಕಿತ್ತುಹಾಕುತ್ತದೆ. ಬದಲಿಸಿದ ಮೇಲೆ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ. ಕನ್ನಡಕ್ಕೆ ಒಳ್ಳೆಯದಾಗಲಿ ಎಂದು ಈ ಜಾಗದಲ್ಲಿ ಕನ್ನಡವನ್ನು ಆರಿಸಿ ತೊಂದರೆ ತಂದುಕೊಂಡವರನ್ನು ಎಷ್ಟೋ ಬಾರಿ ನೋಡಿದ್ದೇನೆ. ಕನ್ನಡ ಕೀಲಿಮಣೆ, ಕನ್ನಡ ಪರದೆ ಬೇಕಿದ್ದರೆ ಅವುಗಳ ಜಾಗ ಬೇರೆಯೇ ಇದೆ, ಅಲ್ಲಿ ಖಂಡಿತ ಹಾಕಿಕೊಳ್ಳಿ.

ವರ್ಡ್‌ನಲ್ಲಿ ಇನ್ನೊಂದು ಕೆಲಸವನ್ನು ಈಗಲೇ ಮಾಡಿ. ಆಟೋಕರೆಕ್ಟ್ ಪೂರ್ತಿ ನಿಲ್ಲಿಸಿ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಅದರ ಅಭ್ಯಾಸ ಹಳೆಯ ಫಾಂಟಿನಲ್ಲಿ ಒಂದು ಅಕ್ಷರವನ್ನೇ ಇನ್ನೊಂದಾಗಿ ಬದಲಿಸಿಬಿಡುತ್ತದೆ. ಸಣ್ಣ ಕ್ಯು ಬೇರೆ, ದೊಡ್ಡ ಕ್ಯು ಬೇರೆ.

ಹಂತ 5: ಹಳೆಯ ತಂತ್ರಾಂಶವನ್ನು ನೇರವಾಗಿ ಓಡಿಸಿ ನೋಡಿ

ವರ್ಡ್ ಕಡತವಾಗಿದ್ದರೆ ಈ ಹಂತ ಬೇಡ. ವರ್ಡ್ 97 ಮತ್ತು ಅದರ ನಂತರದ ಡಾಕ್ ಕಡತಗಳನ್ನು ಹೊಸ ವರ್ಡ್ ತೆರೆಯುತ್ತದೆ. ಅದಕ್ಕಿಂತ ಹಳೆಯ ವರ್ಡ್ 6, ವರ್ಡ್ 95ರ ಕಡತಗಳನ್ನು ಅದು ತಡೆದರೆ ಟ್ರಸ್ಟ್ ಸೆಂಟರಿನ ಫೈಲ್ ಬ್ಲಾಕ್ ಸೆಟ್ಟಿಂಗ್ಸ್‌ನಲ್ಲಿ ತಾತ್ಕಾಲಿಕವಾಗಿ ಸಡಿಲಿಸಿ, ಕೆಲಸ ಮುಗಿದ ಮೇಲೆ ಮೊದಲಿನಂತೆ ಮಾಡಿ. ನನ್ನ ಮಟ್ಟಿಗೆ ಅದಕ್ಕಿಂತ ಲಿಬ್ರೆಆಫೀಸಿನಲ್ಲಿ ತೆರೆಯುವುದೇ ನೆಮ್ಮದಿ.

ಬರಹದ ಸ್ವಂತ ರೂಪವಾದ ಬಿಆರ್‌ಎಚ್ ಕಡತಗಳನ್ನು ವರ್ಡ್‌ನಲ್ಲಿ ತೆರೆಯಲು ಹೋಗಬೇಡಿ. ಬರಹವನ್ನೇ ಹಾಕಿಕೊಂಡು ಅದರಲ್ಲಿ ತೆರೆದು, ಎಕ್ಸ್‌ಪೋರ್ಟ್ ಮೂಲಕ ಬೇರೆ ರೂಪದಲ್ಲಿ ಹೊರತೆಗೆಯಿರಿ.

ತಂತ್ರಾಂಶ ಹಾಕುವಾಗ ಸೆಟಪ್ ಕಡತದ ಮೇಲೆ ಬಲ ಗುಂಡಿ ಒತ್ತಿ ನಿರ್ವಾಹಕರಾಗಿ ಚಾಲೂ ಮಾಡಿ. ಹಾಕಿದ ಮೇಲೆ ತೆರೆಯದಿದ್ದರೆ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಆರಿಸಿ ನೋಡಿ. ಅದೂ ಆಗದಿದ್ದರೆ ಪ್ರೋಗ್ರಾಂ ಫೈಲ್ಸ್ ಬಿಟ್ಟು ಸಿ ಡ್ರೈವಿನ ನೇರ ಫೋಲ್ಡರಿಗೆ ಹಾಕಿ. ಹಳೆಯ ತಂತ್ರಾಂಶಗಳು ತಮ್ಮ ಫೋಲ್ಡರಿನೊಳಗೇ ಬರೆಯಲು ಹೋಗುತ್ತವೆ, ಪ್ರೋಗ್ರಾಂ ಫೈಲ್ಸ್ ಈಗ ಅದಕ್ಕೆ ಬಿಡುವುದಿಲ್ಲ.

ನುಡಿ ಕೀಲಿಮಣೆ ಒಂದು ತಂತ್ರಾಂಶದಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ಮಾಡುತ್ತಿಲ್ಲ ಎಂಬ ದೂರು ಬಹಳ. ಪೇಜ್‌ಮೇಕರನ್ನು ನಿರ್ವಾಹಕರಾಗಿ ಚಾಲೂ ಮಾಡಿ, ನುಡಿಯನ್ನು ಸಾಮಾನ್ಯವಾಗಿ ಚಾಲೂ ಮಾಡಿದ್ದರೆ ಹೀಗಾಗುತ್ತದೆ. ಕೆಳಗಿನ ಅಧಿಕಾರದ ತಂತ್ರಾಂಶ ಮೇಲಿನದರ ಕೀಲಿಗಳನ್ನು ಹಿಡಿಯದಂತೆ ವಿಂಡೋಸ್ ತಡೆಯುತ್ತದೆ. ನುಡಿಯನ್ನೂ ನಿರ್ವಾಹಕರಾಗಿಯೇ ಚಾಲೂ ಮಾಡಿ.

ಅಪಾಯದ ಸೂಚನೆ: ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡದು ಎಂಬ ಸಂದೇಶ ಬಂದರೆ ಆ ತಂತ್ರಾಂಶ, ಅಥವಾ ಅದರ ಸೆಟಪ್ ಮಾತ್ರ, 16 ಬಿಟ್ ಕಾಲದ್ದಾಗಿರಬಹುದು. 64 ಬಿಟ್ ವಿಂಡೋಸಿನಲ್ಲಿ ಅದು ಓಡುವುದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಕಂಪ್ಯಾಟಿಬಿಲಿಟಿ ಪುಟದ ಗುರುತುಗಳನ್ನು ಬದಲಿಸುತ್ತ ಇಡೀ ಮಧ್ಯಾಹ್ನ ಕಳೆಯಬೇಡಿ. ಆಂಟಿವೈರಸ್ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎಲ್ಲಿಂದಲೋ ಇಳಿಸಿಕೊಂಡ ಬೀಗ ಒಡೆದ ಸೆಟಪ್‌ಗಳನ್ನು ಕೆಲಸದ ಕಂಪ್ಯೂಟರಿಗೆ ಬಿಟ್ಟುಕೊಳ್ಳಲೇಬೇಡಿ.

ಹಂತ 6: ಕಂಪ್ಯೂಟರಿನೊಳಗೊಂದು ಹಳೆಯ ಕಂಪ್ಯೂಟರ್

ನೇರವಾಗಿ ಓಡದ ತಂತ್ರಾಂಶಕ್ಕೆ ವರ್ಚುವಲ್‌ಬಾಕ್ಸ್‌ನಲ್ಲಿ 32 ಬಿಟ್‌ನ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಹಾಕಿಕೊಳ್ಳಿ. ಅದಕ್ಕೆ ನಿಮ್ಮದೇ ಪರವಾನಗಿಯ ಸಿಡಿ ಮತ್ತು ಕೀ ಬೇಕು. ಎಕ್ಸ್‌ಪಿಗೆ 1 ಜಿಬಿ ಮೆಮೊರಿ, 20 ಜಿಬಿ ಡಿಸ್ಕ್ ಧಾರಾಳ.

ಮೊದಲ ಸಲ ಚಾಲೂ ಆದೊಡನೆ ಅದರ ನೆಟ್‌ವರ್ಕ್ ಕಳಚಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಿಂದ ಸುರಕ್ಷತೆಯ ಬೆಂಬಲವಿಲ್ಲ. ಕಡತ ಒಳಗೆ ಹೊರಗೆ ಸಾಗಿಸಲು ಹಂಚಿಕೆಯ ಫೋಲ್ಡರ್ ಸಾಕು. ಫಾಂಟ್, ತಂತ್ರಾಂಶ ಎಲ್ಲ ಹಾಕಿ ಒಂದು ಕಡತ ಸರಿಯಾಗಿ ತೆರೆದುಕೊಂಡ ಕ್ಷಣದಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನು ಕೆಟ್ಟರೂ ಆ ಕ್ಷಣಕ್ಕೆ ಮರಳಬಹುದು.

ಯುಎಸ್‌ಬಿ ಡಾಂಗಲನ್ನು ವರ್ಚುವಲ್‌ಬಾಕ್ಸಿನ ಯುಎಸ್‌ಬಿ ಪಟ್ಟಿಯಿಂದ ಒಳಗಿನ ಯಂತ್ರಕ್ಕೆ ಒಪ್ಪಿಸಬಹುದು. ಹಳೆಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಕಥೆ ಬೇರೆ. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಪ್ರಿಂಟರ್ ಕೇಬಲ್‌ಗಳು ಪ್ರಿಂಟರಿಗಷ್ಟೇ ಆಗುತ್ತವೆ, ಈ ಬೀಗಕ್ಕೆ ಆಗುವುದಿಲ್ಲ. ಅಂಥವರು ಹಳೆಯ ಕಂಪ್ಯೂಟರನ್ನೇ ರಿಪೇರಿ ಮಾಡಿಸಿ, ಕಡತಗಳನ್ನೆಲ್ಲ ಹೊರಗೆ ತೆಗೆಯುವವರೆಗಾದರೂ ಉಳಿಸಿಕೊಳ್ಳುವುದು ಒಳ್ಳೆಯದು.

ಆ್ಯಪಲ್‌ನ ಎಂ ಸರಣಿಯ ಮ್ಯಾಕ್, ಎಆರ್‌ಎಂ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ವರ್ಚುವಲ್‌ಬಾಕ್ಸಿನೊಳಗೆ ಹಳೆಯ ವಿಂಡೋಸ್ ಓಡುವುದಿಲ್ಲ. ಈ ಕೆಲಸಕ್ಕೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ಯಂತ್ರ ಹುಡುಕಿ.

ಹಂತ 7: ಪೇಜ್‌ಮೇಕರ್ ಕಡತಗಳು

ಸಣ್ಣ ಪ್ರಕಾಶಕರು, ಮಾಸಪತ್ರಿಕೆಗಳವರು, ಮುದ್ರಣಾಲಯದವರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಪೇಜ್‌ಮೇಕರಿನ ಕೊನೆಯ ಮುಖ್ಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಕಡತಗಳನ್ನು ಅಡೋಬಿಯ ಇನ್ನೊಂದು ಪುಟವಿನ್ಯಾಸ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ಸಿಎಸ್6 ಆವೃತ್ತಿಯವರೆಗೆ ಮಾತ್ರ ತೆರೆಯಬಹುದಿತ್ತು. ಇಂದು ಚಂದಾ ಕಟ್ಟಿ ಪಡೆಯುವ ಹೊಸ ಇನ್‌ಡಿಸೈನ್ ತೆರೆಯುವುದಿಲ್ಲ. ಚಂದಾ ಕಟ್ಟಿದ ಮೇಲೆ ಇದನ್ನು ಕಂಡು ಪೇಚಾಡಿದವರು ಒಬ್ಬಿಬ್ಬರಲ್ಲ.

ಪೇಜ್‌ಮೇಕರೇ ಕೈಯಲ್ಲಿದ್ದರೆ ಅದರಲ್ಲೇ ತೆರೆಯಿರಿ. ತೆರೆಯುವಾಗ ಫಾಂಟ್ ಕಾಣೆಯಾಗಿದೆ, ಬದಲಿಗೆ ಯಾವುದನ್ನು ಹಾಕಲಿ ಎಂದು ಕೇಳಿದರೆ ಒಪ್ಪಬೇಡಿ. ರದ್ದು ಮಾಡಿ, ಫಾಂಟ್ ಹಾಕಿ, ಮತ್ತೆ ತೆರೆಯಿರಿ. ತೆರೆದ ಮೇಲೆ ಮೊದಲು ಮಾಡಬೇಕಾದ ಕೆಲಸ ಇಡೀ ಪುಸ್ತಕವನ್ನು ಪಿಡಿಎಫ್ ಆಗಿ ಮುದ್ರಿಸಿಕೊಳ್ಳುವುದು. ಮುಂದಿನ ಕರಡು ತಿದ್ದುವಿಕೆಗೆ ಅದೇ ಸಾಕ್ಷಿ. ಆಮೇಲೆ ಒಂದೊಂದು ಲೇಖನದೊಳಗೆ ಕರ್ಸರ್ ಇಟ್ಟು ಎಕ್ಸ್‌ಪೋರ್ಟ್ ಮೂಲಕ, ಫಾಂಟಿನ ಗುರುತನ್ನೂ ಉಳಿಸುವ ಆರ್‌ಟಿಎಫ್ ರೂಪದಲ್ಲಿ ಹೊರತೆಗೆಯಿರಿ. ಸರಳ ಪಠ್ಯವಾಗಿ ತೆಗೆದರೆ ಫಾಂಟಿನ ಗುರುತು ಅಳಿಯುತ್ತದೆ. ಒಂದು ಪುಟದಲ್ಲಿ ಎಷ್ಟು ಬಿಡಿ ಪಠ್ಯಪೆಟ್ಟಿಗೆಗಳಿವೆಯೋ ಅಷ್ಟು ಸಲ ಇದನ್ನು ಮಾಡಬೇಕು. ಅಡಿಟಿಪ್ಪಣಿ, ಶೀರ್ಷಿಕೆ, ಪೆಟ್ಟಿಗೆ ಸುದ್ದಿ ಇಲ್ಲೇ ತಪ್ಪಿಹೋಗುವುದು. ಪಿಡಿಎಫ್ ಮುಂದಿಟ್ಟುಕೊಂಡು ತೆಗೆದುದಕ್ಕೆಲ್ಲ ಗುರುತು ಹಾಕುತ್ತ ಹೋಗಿ.

ಪೇಜ್‌ಮೇಕರ್ ಸಿಗುವುದೇ ಇಲ್ಲವೆಂದಾದರೆ ಲಿಬ್ರೆಆಫೀಸಿನ ಡ್ರಾ ಎಂಬ ಭಾಗ ಪೇಜ್‌ಮೇಕರ್ 6 ಮತ್ತು 7ರ ಕಡತಗಳನ್ನು ತೆರೆಯಬಲ್ಲದು. ವಿನ್ಯಾಸ ಅಲ್ಲಲ್ಲಿ ಜರುಗಿರುತ್ತದೆ, ಆದರೆ ಪಠ್ಯವನ್ನು ಉಳಿಸಿಕೊಳ್ಳಲು ಅಷ್ಟು ಸಾಕು.

ಹಂತ 8: ಯೂನಿಕೋಡಿಗೆ ಪರಿವರ್ತನೆ

ಈಗ, ಪಠ್ಯ ಓದಲು ಬರುತ್ತಿರುವಾಗ ಮಾತ್ರ, ಪರಿವರ್ತನೆಗೆ ಕೈ ಹಾಕಿ. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕಗಳು ಬರುತ್ತವೆ. ನುಡಿ, ಬರಹದ ಪಠ್ಯಕ್ಕೆ ಅವನ್ನೇ ಬಳಸಿ. ಶ್ರೀಲಿಪಿ, ಆಕೃತಿಯ ಪಠ್ಯಕ್ಕೆ ಆಯಾ ಸಂಕೇತ ಬಲ್ಲ ಪರಿವರ್ತಕವೇ ಬೇಕು.

ಮೊದಲು ಇಂಗ್ಲಿಷ್ ಪದಗಳನ್ನು ಗುರುತಿಸಿ. ವರ್ಡ್‌ನ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಫಾರ್ಮ್ಯಾಟ್ ಮೂಲಕ ಟೈಮ್ಸ್ ನ್ಯೂ ರೋಮನ್ ಅಥವಾ ಇಂಗ್ಲಿಷಿಗೆ ಬಳಸಿದ ಫಾಂಟನ್ನು ಹುಡುಕಿ, ಎಲ್ಲಕ್ಕೂ ಹಳದಿ ಬಣ್ಣ ಹಚ್ಚಿ. ಆ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ. ಬರೀ ಪಠ್ಯವನ್ನು ಅಂಟಿಸುವ ಪರಿವರ್ತಕಗಳಿಗೆ ಫಾಂಟ್ ಕಾಣುವುದಿಲ್ಲ, ಹೀಗಾಗಿ ಇಂಗ್ಲಿಷ್ ಪದವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನು ಕೊಡುತ್ತವೆ. ಹಳದಿ ಪ್ರತಿಯನ್ನು ನೋಡಿ ಅವನ್ನು ಮತ್ತೆ ಟೈಪ್ ಮಾಡುವುದೇ ಸುಲಭ.

ಇಡೀ ಪುಸ್ತಕವನ್ನು ಒಮ್ಮೆಗೇ ಪರಿವರ್ತಿಸಬೇಡಿ. ಒಂದು ಪುಟ ಮಾಡಿ, ಕಠಿಣವಾದ ಪದಗಳನ್ನು ಮೂಲದೊಂದಿಗೆ ಹೋಲಿಸಿ. ಧರ್ಮ, ಸೂರ್ಯ ಇವುಗಳಲ್ಲಿ ಅರ್ಕಾವತ್ತು ಸರಿಯಾದ ಅಕ್ಷರಕ್ಕೆ ಸೇರಿದೆಯೇ? ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ರಾಷ್ಟ್ರ, ಸ್ತ್ರೀ ಇವುಗಳಲ್ಲಿ ಎರಡು ಒತ್ತುಗಳ ಕ್ರಮ ಉಳಿದಿದೆಯೇ? ಕೋಟೆ, ಕೇರಿ ಇವುಗಳಲ್ಲಿ ದೀರ್ಘದ ಚಿಹ್ನೆ ಬೇರೆಯಾಗಿ ಉಳಿದಿಲ್ಲವಷ್ಟೆ? ಕಣ್ಣಿಗೆ ಸರಿಯಾಗಿಯೇ ಕಂಡೀತು, ಆದರೆ ಹುಡುಕಿದಾಗ ಆ ಪದ ಸಿಗದಿದ್ದರೆ ಒಳಗೆ ಚೂರಾಗಿದೆ ಎಂದರ್ಥ. ಸಾಫ್ಟ್‌ವೇರ್ ಎಂಬುದು ಸಾಫ್ಟ್ವೇರ್ ಆಗಿದೆಯೇ? ರ‍್ಯಾಂಕ್ ಎಂಬುದು ರ್ಯಾಂಕ್ ಆಗಿದೆಯೇ? ಅಕ್ಷರಗಳು ಕೂಡಬೇಕೆ, ಬಿಡಿಯಾಗಿರಬೇಕೆ ಎಂದು ಹೇಳುವ, ಕಣ್ಣಿಗೆ ಕಾಣದ ಜೋಡಕ, ಬೇರ್ಪಡಕ ಸಂಕೇತಗಳು ಪರಿವರ್ತನೆಯಲ್ಲಿ ಬಹಳ ಸಲ ಬಿಟ್ಟುಹೋಗುತ್ತವೆ. ಇಂಥ ಪದಗಳ ಪಟ್ಟಿ ಮಾಡಿಕೊಂಡು ಕೊನೆಗೆ ಒಟ್ಟಿಗೆ ಬದಲಿಸಿ. ಅಂಕಿಗಳನ್ನೂ ಮರೆಯಬೇಡಿ. ನುಡಿಯ ಕೆಲವು ಫಾಂಟ್‌ಗಳು ಕನ್ನಡ ಅಂಕಿಗಳನ್ನು, ಕೆಲವು ಇಂಗ್ಲಿಷ್ ಅಂಕಿಗಳನ್ನು ತೋರಿಸುತ್ತಿದ್ದವು. ಇಸವಿ, ಬೆಲೆ, ಪುಟಸಂಖ್ಯೆಗಳನ್ನು ಪಿಡಿಎಫ್ ಜೊತೆ ಒಂದೊಂದಾಗಿ ತಾಳೆ ನೋಡಿ.

ಪರಿವರ್ತಿತ ಪಠ್ಯವನ್ನು ಹೊಸ ಇನ್‌ಡಿಸೈನಿನಲ್ಲಿ ಪುಟಕ್ಕೆ ಕೂರಿಸುವಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಪಠ್ಯ ಕೆಟ್ಟಿಲ್ಲ. ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ವಿಂಡೋಸಿನಲ್ಲಿ ತುಂಗಾ ಫಾಂಟ್ ಕಾಣದಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಿಕೊಳ್ಳಿ. ಸದ್ಯಕ್ಕೆ ನಿರ್ಮಲಾ ಯುಐ ಹೇಗೂ ಇರುತ್ತದೆ. ಪುಸ್ತಕಕ್ಕಾದರೆ ನೋಟೊ ಸೆರಿಫ್ ಕನ್ನಡ ನೋಡಲು ಹಿತ.

ಕೆಲಸ ಮುಗಿದ ಮೇಲೆ "ಮೂಲ" ಫೋಲ್ಡರನ್ನು ಅಳಿಸಬೇಡಿ. ಅದರೊಳಗೇ ಫಾಂಟ್ ಕಡತಗಳನ್ನು, ಪಿಡಿಎಫ್ ಸಾಕ್ಷಿಯನ್ನು, ಯಾವ ಫಾಂಟಿನಿಂದ ಯಾವ ಪರಿವರ್ತಕದ ಮೂಲಕ ಯಾವ ದಿನ ಬದಲಿಸಿದಿರಿ ಎಂಬ ನಾಲ್ಕು ಸಾಲಿನ ಚೀಟಿಯನ್ನು ಸೇರಿಸಿ, ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಚೀಟಿಯನ್ನು ಯೂನಿಕೋಡಿನಲ್ಲಿಯೇ ಬರೆಯಿರಿ.